ರಸ್ತೆಯಿಲ್ಲದ ಸ್ಟೇಷನ್ನು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳಿಗೆ ರಸ್ತೆಯುಂಟು, ರೈಲಿಲ್ಲ. ಪಶ್ಚಿಮಘಟ್ಟದ ಎಡಕುಮೇರಿಗೆ ರೈಲುಂಟು, ರಸ್ತೆಯಿಲ್ಲ. ಈ ವಿಚಿತ್ರವನ್ನು ಕಾಣಬಯಸುವ ಆ ಸೀಮೆಯ ಪ್ರವಾಸಿಗನು ಕೃಷ್ಣರಾಜನಗರಕ್ಕೆ ಬಂದು ಬಂಡಿಯೇರಬೇಕು. ಹೊಳೆನರಸೀಪುರ ದಾಟಿದರೆ ಹಾಸನ. ಅಲ್ಲಿ ಮಂಗಳೂರಿನ ಹಗಲು ಬಂಡಿಯನ್ನು ಹಿಡಿಯುವುದು ಲೇಸು. ರಾತ್ರಿಯ ಬಂಡಿಯಲ್ಲಿ ಹೋದವನಿಗೆ ಎಡಕುಮೇರಿಯು ನಿದ್ದೆಯಲ್ಲಿಯೇ ಹಿಂದೆ ಸರಿದಿರುತ್ತದೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ 55 ಕಿಲೋಮೀಟರು. ಅಷ್ಟರಲ್ಲಿ 57 ಸುರಂಗಗಳು, ನೂರಕ್ಕೂ ಮೀರಿದ ಸೇತುವೆಗಳು! 50 ಅಡಿಗೆ 1 ಅಡಿಯ ಇಳಿಜಾರು. ಘಟ್ಟವೇರುವ ಗೂಡ್ಸ್ ಬಂಡಿಗೆ ಹಿಂದಿನಿಂದ ತಳ್ಳಲು ಬೇರೆ ಎಂಜಿನು ಬೇಕು. ದೋಣಿಗಾಲ್, ಕಡಗರವಳ್ಳಿಗಳ ನಂತರ, ಕತ್ತಲೆಯಿಂದ ಹೊರಬಿದ್ದ ಕಣ್ಣಿಗೆ ಹಳದಿ ಹಲಗೆಯೊಂದು ಕಾಣುತ್ತದೆ. ಅದೇ ಎಡಕುಮೇರಿ.

ಊರೆಂದರೆ ಇಷ್ಟೆ: ಒಂದು ಸಣ್ಣ ಕಟ್ಟಡ, ನಾಲ್ಕಾರು ಹಳಿ, ಸುತ್ತ ಮುಗಿಯದ ಕಾಡು. ಅಂಗಡಿಯಿಲ್ಲ, ಶಾಲೆಯಿಲ್ಲ. ಅಕ್ಕಿ, ಬೇಳೆ, ಔಷಧ ಎಲ್ಲವೂ ಹಳಿಯ ಮೇಲೆಯೇ ಬರಬೇಕು. ಹೆಂಡತಿ ಮಕ್ಕಳನ್ನು ಕರೆತಂದು ಸಂಸಾರ ಹೂಡುವ ಜಾಗವಲ್ಲ. ಆದರೂ ಇಲ್ಲಿ ಹಗಲಿರುಳು ಜನರಿರಲೇಬೇಕು. ಒಂಟಿ ಹಳಿಯ ಈ ದಾರಿಯಲ್ಲಿ ಎದುರು ಬಂಡಿಗೆ ಎಡೆಮಾಡಿಕೊಡಲು ಇಂಥ ನಿಲ್ದಾಣ ಬೇಕು. ಮಳೆಗಾಲದ ರಾತ್ರಿ ದೀಪ ಹಿಡಿದು, ಕುಸಿದ ಮಣ್ಣನ್ನೂ ಉರುಳಿದ ಬಂಡೆಯನ್ನೂ ಹುಡುಕುತ್ತ ಹಳಿಯುದ್ದಕ್ಕೂ ನಡೆಯುವವರೂ ಬೇಕು. ಆನೆಯೂ ಅದೇ ದಾರಿಯಲ್ಲಿ ಬಂದೀತು. ಬಂಡಿಯಲ್ಲಿ ಹೊದ್ದು ಮಲಗಿದವರಿಗೆ ಈ ದೀಪದ ಸುದ್ದಿ ತಿಳಿಯುವುದಿಲ್ಲ.

ಈ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಹಳಿಯನ್ನು ಅಗಲಿಸಲೆಂದು 1996ರಲ್ಲಿ ಪ್ರಯಾಣಿಕರ ಬಂಡಿಗಳು ನಿಂತವು. ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ಸುರಂಗಗಳೊಳಗೆ ಚಾರಣಿಗರು ನಡೆದಾಡಿದರು. ಆ ಹುಚ್ಚು ಈಗಲೂ ಕೆಲವರನ್ನು ಬಿಟ್ಟಿಲ್ಲ. ಹಳಿಯ ಮೇಲಿನ ನಡಿಗೆಯನ್ನು ರೈಲ್ವೆ ನಿಷೇಧಿಸಿದೆ, ನಿಷೇಧಿಸಿದ್ದು ಸರಿ. ಸುರಂಗದ ನಡುವೆ ಬಂಡಿ ಎದುರಾದರೆ ಸರಿದು ನಿಲ್ಲಲು ಎಡೆಯೆಲ್ಲಿ?

2018ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದಾಗ ತಿಂಗಳಿಗೂ ಹೆಚ್ಚು ಕಾಲ ಬಂಡಿಗಳು ಬರಲಿಲ್ಲ. 2024ರ ಜುಲೈ 26ರಂದು ಕಡಗರವಳ್ಳಿ ಮತ್ತು ಎಡಕುಮೇರಿಗಳ ನಡುವೆ ಹಳಿಯ ಕೆಳಗಿನ ನೆಲವೇ ಜಾರಿತು. ಸುರಿಯುವ ಮಳೆಯಲ್ಲಿ ನೂರಾರು ಕೆಲಸಗಾರರು ದುಡಿದರು. ಅವರಿಗೆ ಬೇಕಾದ ಕಲ್ಲು, ಸಾಮಗ್ರಿಗಳಿಗೂ ಬೇರೆ ದಾರಿಯಿರಲಿಲ್ಲ. ಕುಸಿತದ ಅಂಚಿನವರೆಗೆ ಉಳಿದ ಹಳಿಯ ಮೇಲೆಯೇ ಅವನ್ನು ತರಬೇಕಾಯಿತು.