ನೀರಿನಂಚಿನ ಕ್ಯಾಬಿನ್ನು, ಕಾಣದ ಸೊಳ್ಳೆ

ಫ್ಲಾರಿಡಾ, ಬೇ ಲೇಕ್. ವಾಲ್ಟ್ ಡಿಸ್ನಿ ವರ್ಲ್ಡ್‌ನ ವೈಲ್ಡರ್‌ನೆಸ್ ಲಾಡ್ಜ್ ಬಳಿಯಿಂದ ದೋಣಿ ಹೊರಟರೆ ದಂಡೆಗುಂಟ ಮರದ ಕ್ಯಾಬಿನ್ನುಗಳು ಕಾಣುತ್ತವೆ. ಒಟ್ಟು 26, 2017ರಲ್ಲಿ ತೆರೆದವು. ಪ್ರತಿಯೊಂದಕ್ಕೂ ಕೆರೆಗೆ ಮುಖಮಾಡಿದ ಜಗಲಿ, ಜಗಲಿಯಲ್ಲಿ ಬಿಸಿನೀರಿನ ತೊಟ್ಟಿ, ಸುತ್ತ ಜಾಲರಿ. ನೀರಿನ ಸೇತುವೆ ದಾಟಿ ಪಕ್ಕದ ಸೆವೆನ್ ಸೀಸ್ ಲಗೂನ್‌ಗೆ ಬಂದರೆ ಪಾಲಿನೇಷಿಯನ್ ರೆಸಾರ್ಟಿನ 20 ಬಂಗಲೆಗಳು. ಅವು 2015ರವು, ನೀರಿನಲ್ಲೇ ಕಂಬ ಊರಿ ನಿಂತಿವೆ. ಒಂದು ರಾತ್ರಿಯ ಬಾಡಿಗೆ ಸಾವಿರ ಡಾಲರನ್ನು ಸುಲಭವಾಗಿ ದಾಟುತ್ತದೆ. ಆದರೆ ಅವುಗಳ ಜಗಲಿಗೆ ಜಾಲರಿ ಇಲ್ಲ. ಒಂದೇ ಕಂಪನಿ, ಒಂದಕ್ಕೊಂದು ಕೂಡಿಕೊಂಡ ಎರಡು ನೀರು, ಒಂದು ಕಡೆ ಪರದೆ, ಇನ್ನೊಂದು ಕಡೆ ಬಯಲು. ಯಾಕೆ?

*

ಮೈಸೂರಿನಿಂದ ಬಂದಿದ್ದ ದೊಡ್ಡಮ್ಮ ದೋಣಿಯಲ್ಲಿ ಕೇಳಿದ್ದು ಇನ್ನೂ ಮೂಲದ ಪ್ರಶ್ನೆ: "ಇಷ್ಟು ನೀರು, ಇಷ್ಟು ಗಿಡ, ಇಷ್ಟು ಸೆಕೆ. ಸೊಳ್ಳೆ ಎಲ್ಲಿ ಹೋದ್ವೋ? ನಮ್ಮನೆ ಹಿಂದಿನ ಮೋರಿ ಒಂದಕ್ಕೇ ಸಂಜೆ ಆಯ್ತು ಅಂದ್ರೆ ಕಿಟಕಿ ಹಾಕ್ಬೇಕು."

ಸುಮ್ಮನೆ ನಕ್ಕು ಬಿಡುವ ಮಾತಲ್ಲ ಅದು. ಇಲ್ಲಿ ಕ್ಯಾಬಿನ್ ಕಾದಿರಿಸುವ ಅಮೆರಿಕದವರೂ ಕೇಳುವುದು ಇದನ್ನೇ: ನೀರಿಗೆ ಅಷ್ಟು ಹತ್ತಿರ ಮಲಗಿದರೆ ಸೊಳ್ಳೆ ಬಿಡುತ್ತವೆಯೇ?

*

ಈ ನೆಲದ ಹಳೆಯ ಹೆಸರು ಹುಡುಕಿದೆ. ರೆಸಾರ್ಟಿನ ಹೆಚ್ಚಿನ ಭಾಗ ಇರುವ ಆರೆಂಜ್ ಕೌಂಟಿಯನ್ನು 1824ರಲ್ಲಿ ರಚಿಸಿದಾಗ ಇಟ್ಟಿದ್ದ ಹೆಸರು ಮಾಸ್ಕಿಟೋ ಕೌಂಟಿ. 1845ರಲ್ಲಿ ಅದನ್ನು ಬದಲಿಸಿದರು. ಡಿಸ್ನಿ 1960ರ ದಶಕದ ನಡುವೆ ಇಲ್ಲಿ ಸುಮಾರು 27,000 ಎಕರೆ ಕೊಂಡಾಗ ಅದರಲ್ಲಿ ದೊಡ್ಡ ಪಾಲು ಜೌಗು, ಸೈಪ್ರಸ್ ಮರಗಳ ಕೆಸರುಕಾಡು. ಹೆಸರು ಹೋಗಿತ್ತು, ಸೊಳ್ಳೆ ಹೋಗಿರಲಿಲ್ಲ.

*

ಜನರಲ್ ಜೋ ಪಾಟರ್. ಸೈನ್ಯದ ಎಂಜಿನಿಯರ್, 1956ರಿಂದ 1960ರವರೆಗೆ ಪನಾಮಾ ಕಾಲುವೆ ವಲಯದ ಗವರ್ನರ್. ವಾಲ್ಟ್ ಡಿಸ್ನಿ ಇವರನ್ನು ಕರೆತಂದದ್ದು ಫ್ಲಾರಿಡಾದ ಕೆಲಸಕ್ಕೆ. ಅರಮನೆ, ಗೊಂಬೆ, ರೈಲು ಎಲ್ಲಕ್ಕೂ ಮೊದಲು ಇಲ್ಲಿ ಆದದ್ದು ನೀರಿನ ಕೆಲಸ. ಸುಮಾರು 55 ಮೈಲಿ ಕಾಲುವೆ ಮತ್ತು ಏರಿಗಳು. ನೀರಿನ ಮಟ್ಟ ಏರಿದಾಗ ವಿದ್ಯುತ್ತಿಲ್ಲದೆ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುವ ತೂಬುಗಳು. ಬೇ ಲೇಕ್ ಮೊದಲಿನಿಂದಲೂ ಇದ್ದ ಕೆರೆ. ಅದರ ನೀರನ್ನು ಬಸಿದು ತಳದ ಕೆಸರು ತೆಗೆದಾಗ ಕೆಳಗೆ ಬಿಳಿ ಮರಳು ಸಿಕ್ಕಿತು, ಅದೇ ದಂಡೆಯ ಮರಳಾಯಿತು. ಸೆವೆನ್ ಸೀಸ್ ಲಗೂನ್ ಮಾತ್ರ ಪೂರ್ತಿ ಅಗೆದು ಮಾಡಿದ್ದು.

ಕಾನೂನಿನ ಲೆಕ್ಕದಲ್ಲೂ ಮೊದಲು ಹುಟ್ಟಿದ್ದು ಒಂದು ಬಸಿಗಾಲುವೆ ಜಿಲ್ಲೆ. 1967ರಲ್ಲಿ ರಾಜ್ಯ ಶಾಸನಸಭೆ ಅದಕ್ಕೆ ಹೆಚ್ಚಿನ ಅಧಿಕಾರ ಕೊಟ್ಟು ರೀಡಿ ಕ್ರೀಕ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ ಮಾಡಿತು. ರಸ್ತೆ, ಅಗ್ನಿಶಾಮಕ, ಕಟ್ಟಡ ನಿಯಮಗಳ ಜೊತೆಗೆ ಸೊಳ್ಳೆ ಹತೋಟಿಯೂ ಅದರ ಪಾಲು. 2023ರಲ್ಲಿ ಆಡಳಿತ ಮಂಡಳಿ ಬದಲಾಯಿತು, ಹೆಸರೂ ಬದಲಾಯಿತು. ಕಾಲುವೆಗಳು ಅವೇ.

ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನಕ್ಕೆ ಲಗೂನ್ ದಾಟಿಸುವ ದೊಡ್ಡ ದೋಣಿಗಳಲ್ಲಿ ಒಂದರ ಹೆಸರು ಜನರಲ್ ಜೋ ಪಾಟರ್. ಹತ್ತುವವರಲ್ಲಿ ಎಷ್ಟು ಜನ ಆ ಹೆಸರನ್ನು ಓದುತ್ತಾರೋ. ನನಗಂತೂ ಅದನ್ನು ಕಂಡಾಗ ಗೌರವ ಮೂಡಿತು. ಅಲ್ಲಿನ ಕೋಟೆಯ ಮೇಲೆ ಸಿಡಿಯುವ ಪಟಾಕಿಯನ್ನು ಮಕ್ಕಳು ಕೈಕಾಲು ಮುಚ್ಚಿಕೊಳ್ಳದೆ ನಿಂತು ನೋಡಲು ಈ ಮನುಷ್ಯನ ಚರಂಡಿಗಳೂ ಕಾರಣ.

*

ಪನಾಮಾದ ಒಂದು ವಿವರ, ಮರೆಯಬಾರದೆಂದು ಬರೆದಿಟ್ಟುಕೊಳ್ಳುತ್ತೇನೆ. 1880ರ ದಶಕದಲ್ಲಿ ಅಲ್ಲಿ ಕಾಲುವೆ ಅಗೆಯಲು ಹೋದ ಫ್ರೆಂಚರು ಒಳ್ಳೆಯ ಆಸ್ಪತ್ರೆ ಕಟ್ಟಿದ್ದರು. ಇರುವೆ ಹತ್ತದಂತೆ ಮಂಚದ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಟ್ಟರು, ಹೂಗಿಡಗಳ ಸುತ್ತಲೂ ಹಾಗೇ ನೀರು ನಿಲ್ಲಿಸಿದರು. ಹಳದಿ ಜ್ವರ ತರುವ ಈಡಿಸ್ ಸೊಳ್ಳೆ ಆ ಬಟ್ಟಲುಗಳಲ್ಲೇ ಮೊಟ್ಟೆಯಿಟ್ಟಿತು. ರೋಗಿಯ ತಲೆದಿಂಬಿನಿಂದ ಒಂದು ಮಾರು ದೂರದಲ್ಲಿ! ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. 1904ರ ನಂತರ ಅಮೆರಿಕದ ವೈದ್ಯ ವಿಲಿಯಂ ಗೋರ್ಗಸ್ ಅಲ್ಲಿ ಮಾಡಿದ್ದು ಬಟ್ಟಲು, ಪೀಪಾಯಿ, ಹೊಂಡಗಳನ್ನು ಬರಿದು ಮಾಡುವುದು, ಮುಚ್ಚುವುದು, ಎಣ್ಣೆ ಹಾಕುವುದು. ಎರಡು ವರ್ಷದೊಳಗೆ ಹಳದಿ ಜ್ವರ ನಿಂತಿತು. ಪಾಟರ್ ಕಾಲುವೆ ವಲಯ ಆಳಿದ್ದು ಆ ನೆಲದಲ್ಲಿ.

ಅಂದರೆ ಭಯಪಡಬೇಕಾದದ್ದು ಕಣ್ಣಿಗೆ ಕಾಣುವ ದೊಡ್ಡ ನೀರಿಗಲ್ಲವೇನೋ. ಗಾಳಿಗೆ ಅಲೆಯೇಳುವ, ದೋಣಿ ಓಡಾಡುವ, ಮೀನು ತುಂಬಿದ ಕೆರೆಯ ನಡುವೆ ಸೊಳ್ಳೆಮರಿ ಬದುಕುವುದು ಕಷ್ಟ. ಅದು ಉಸಿರಾಡಲು ನೀರಿನ ಮೇಲ್ಮೈಗೆ ಬಾಲದ ಕೊಳವೆ ಚಾಚಬೇಕು. ನೀರು ಅಲುಗಾಡುತ್ತಿದ್ದರೆ ಆಗದು. ಅದಕ್ಕೆ ಬೇಕಾದದ್ದು ನಿಶ್ಚಲ ನೀರು, ಮೀನಿಲ್ಲದ ನೀರು, ಒಂದು ವಾರದಿಂದ ಹತ್ತು ದಿನ. ಬಂಗಲೆಯ ಜಗಲಿಯಲ್ಲಿ ಮರೆತ ಲೋಟ ಸಾಕು. ಅಂದದ ಅಲಂಕಾರಕ್ಕೆ ಎಲ್ಲೆಡೆ ನೆಡುವ ಬ್ರೊಮೀಲಿಯಡ್ ಗಿಡದ ಎಲೆಬುಡದಲ್ಲಿ ನಿಂತ ಒಂದು ಗುಟುಕು ಮಳೆನೀರೂ ಸಾಕು.

*

ಸಂಜೆ ದೀಪ ಹಚ್ಚಿದಾಗ ಕೆರೆ ಪಕ್ಕದ ಗೋಡೆಗಳ ಮೇಲೆ ಸಾವಿರಾರು ಸಣ್ಣ ಹುಳು. ಪ್ರವಾಸಿಗರು ಮೈ ಉಜ್ಜಿಕೊಳ್ಳುತ್ತ ಒಳಗೋಡುತ್ತಾರೆ. ಫ್ಲಾರಿಡಾದವರು ಇವನ್ನು ಕುರುಡು ಸೊಳ್ಳೆ ಎನ್ನುತ್ತಾರೆ. ರೂಪ ಸೊಳ್ಳೆಯದೇ, ಆದರೆ ಕಚ್ಚುವುದಿಲ್ಲ. ಮರಿಗಳು ಕೆರೆತಳದ ಕೆಸರಿನಲ್ಲಿ ಕೆಂಪು ಹುಳುವಾಗಿ ಬೆಳೆಯುತ್ತವೆ, ಮೀನಿಗೆ ಮೇವಾಗುತ್ತವೆ. ಇವಕ್ಕೆ ಬೆಳಕಿನ ಸೆಳೆತ. ಹಿಂದೆಯೇ ಜೇಡ ಬರುತ್ತದೆ, ಕಂಬಕಂಬಕ್ಕೂ ಬಲೆ.

ಕ್ಯಾಬಿನ್ನಿನ ಜಾಲರಿ ಇವುಗಳಿಗಾಗಿಯೇ ಇರಬಹುದೇ? ಬೇ ಲೇಕ್ ದಂಡೆಗೆ ಇನ್ನೂ ಸೈಪ್ರಸ್ ಕಾಡು ಅಂಟಿಕೊಂಡಿದೆ, ನೆರಳಿದೆ, ಗಾಳಿ ಕಡಿಮೆ. ಲಗೂನ್ ಬಯಲು, ಗಾಳಿಗೆ ತೆರೆದದ್ದು. ಇದು ನನ್ನ ಊಹೆಯಷ್ಟೆ, ಆದರೆ ಎರಡೂ ಕಡೆ ಸಂಜೆ ನಿಂತು ನೋಡಿದರೆ ಹಾಗೇ ಅನಿಸುತ್ತದೆ.

*

ಕೆರೆಯಿಂದಲೇ ಬರುವ ಸೊಳ್ಳೆಯೂ ಇದೆ, ಅದನ್ನು ಬಿಟ್ಟರೆ ಸುಳ್ಳಾಗುತ್ತದೆ. ಮ್ಯಾನ್ಸೋನಿಯಾ ಜಾತಿಯ ಮರಿ ಮೇಲಕ್ಕೆ ಬಂದು ಉಸಿರಾಡುವುದಿಲ್ಲ. ತೇಲುಗಿಡದ ಬೇರನ್ನು ಚುಚ್ಚಿ ಅದರೊಳಗಿನ ಗಾಳಿಯನ್ನು ಹೀರುತ್ತದೆ. ಬೆಂಗಳೂರಿನ ಕೆರೆಗಳನ್ನು ಮುಚ್ಚಿದ ಅಂತರಗಂಗೆಯ ಅಡಿಯಲ್ಲಿ ಬೆಳೆಯುವುದೂ ಇದೇ ವಂಶ. ಕೆರೆ ಎದುರಿನ ಅಪಾರ್ಟ್‌ಮೆಂಟ್ ಕೊಂಡು, ಕೆರೆ ನೋಡುವ ಬಾಲ್ಕನಿಗೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಕೂತವರು ನಮ್ಮಲ್ಲಿ ಎಷ್ಟಿಲ್ಲ! ಅಲ್ಲಿ ತಪ್ಪು ನೀರಿನದಲ್ಲ, ಚರಂಡಿ ನೀರುಂಡು ಕೊಬ್ಬಿದ ಗಿಡದ್ದು, ಅದನ್ನು ತೆಗೆಯದವರದ್ದು.

*

ಕೋಳಿಗಳು. ಈ ಸಂಗತಿಯನ್ನು ಮೊದಲು ಓದಿದಾಗ ನಂಬಲಿಲ್ಲ. ಫ್ಲಾರಿಡಾದ ಹಲವು ಕಡೆ, ಡಿಸ್ನಿಯ ಜಿಲ್ಲೆಯೂ ಸೇರಿ, ಕಾವಲು ಕೋಳಿಗಳನ್ನು ಸಾಕುತ್ತಾರೆ. ವೆಸ್ಟ್ ನೈಲ್ ವೈರಸ್ ಹೊತ್ತ ಸೊಳ್ಳೆ ಕಚ್ಚಿದರೆ ಕೋಳಿಗೆ ಕಾಯಿಲೆ ಬರುವುದಿಲ್ಲ, ಆದರೆ ರಕ್ತದಲ್ಲಿ ಪ್ರತಿಕಾಯ ಹುಟ್ಟುತ್ತದೆ. ಆಗಾಗ ರಕ್ತ ತೆಗೆದು ನೋಡುತ್ತಾರೆ. ಒಂದು ಕೋಳಿಯ ರಕ್ತ ಬದಲಾದರೂ ಸುತ್ತಲಿನ ಸೊಳ್ಳೆಗಳಲ್ಲಿ ವೈರಸ್ ಇದೆ ಎಂದು ಗೊತ್ತಾಗುತ್ತದೆ, ಮನುಷ್ಯರು ಜ್ವರದಿಂದ ಮಲಗುವ ಮೊದಲೇ. 2019ರ ಜುಲೈನಲ್ಲಿ ಆರೆಂಜ್ ಕೌಂಟಿಯಲ್ಲಿ ಕುದುರೆಗಳ ಮಿದುಳುಜ್ವರದ ವೈರಸ್ ಪತ್ತೆಯಾದದ್ದು ಇಂಥ ಕೋಳಿಗಳಿಂದಲೇ.

ಜೊತೆಗೆ ಬೋನುಗಳು. ನಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನೇ ಬಿಟ್ಟು ಸೊಳ್ಳೆಯನ್ನು ಸೆಳೆಯುವಂಥವು. ಸಿಕ್ಕ ಸೊಳ್ಳೆಯ ಜಾತಿ ಗುರುತಿಸಿದರೆ ಅದು ಹುಟ್ಟಿದ್ದು ಎಂಥ ನೀರಿನಲ್ಲಿ ಎಂದು ತಿಳಿಯುತ್ತದೆ: ಜೌಗಿನದೋ, ಚರಂಡಿಯದೋ, ಹೂಕುಂಡದ್ದೋ. ಔಷಧ ಎಲ್ಲಿಗೆ ಹೋಗಬೇಕೆಂದು ಅದೇ ಹೇಳುತ್ತದೆ. ಊರೆಲ್ಲ ಹೊಗೆ ಬಿಟ್ಟುಕೊಂಡು ಓಡುವ ಗಾಡಿಗಿಂತ ಈ ತಾಳ್ಮೆಯ ಕೆಲಸದ ಮೇಲೆ ನನಗೆ ಹೆಚ್ಚು ನಂಬಿಕೆ.

*

ಅರ್ಥವಾಗದೆ ಉಳಿದದ್ದು ಗಡಿಯ ವಿಚಾರ. ಈ ಜಿಲ್ಲೆಯ ವಿಸ್ತಾರ ಸುಮಾರು 40 ಚದರ ಮೈಲಿ. ಅದರ ದಕ್ಷಿಣಕ್ಕೆ ಕಿಸಿಮಿ ಕಡೆಯ 192ನೇ ಹೆದ್ದಾರಿ. ಬಾಡಿಗೆ ಮನೆ ಸಿಗದ ಎಷ್ಟೋ ಕುಟುಂಬಗಳು ಆ ದಾರಿಯ ಹಳೆಯ ಮೋಟೆಲುಗಳಲ್ಲಿ ವಾರದ ಲೆಕ್ಕದಲ್ಲಿ ಬದುಕುತ್ತವೆ. ಜ್ವರ ತರುವ ಈಡಿಸ್ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರಿಗಿಂತ ದೂರ ಹಾರುವುದು ಅಪರೂಪ. ಹಾಗಾದರೆ ಪ್ರತಿ ಅಂಗಳಕ್ಕೂ ಅದರದೇ ಸೊಳ್ಳೆ. ಕೌಂಟಿಗಳಿಗೂ ಸೊಳ್ಳೆ ಇಲಾಖೆಗಳಿವೆ, ನಿಜ. ಆದರೂ ಕ್ಯಾಬಿನ್ನಿನ ಹಾಸಿಗೆ ಮಡಚುವ ಹೆಂಗಸು ಮನೆಗೆ ಹೋದಾಗ ಅವಳ ಹಿತ್ತಲಿನ ಹಳೇ ಟೈರನ್ನು ಬಗ್ಗಿ ನೋಡುವವರು ಯಾರು?

*

2016ರ ಬೇಸಿಗೆ. ಜುಲೈ ಕೊನೆಯಲ್ಲಿ ಮಯಾಮಿಯ ವಿನ್‌ವುಡ್‌ನಲ್ಲಿ ಸ್ಥಳೀಯ ಸೊಳ್ಳೆಗಳಿಂದಲೇ ಜಿಕಾ ವೈರಸ್ ಹರಡಿದ್ದು ಖಚಿತವಾಯಿತು. ಆಗಸ್ಟ್‌ನಲ್ಲಿ ಡಿಸ್ನಿ ಅತಿಥಿಗಳಿಗೆ ಸೊಳ್ಳೆ ನಿವಾರಕವನ್ನು ಉಚಿತವಾಗಿ ಕೊಡತೊಡಗಿತು.

ಅದೇ ಆಗಸ್ಟ್‌ನಲ್ಲಿ ಇನ್ನೊಂದು ಕೆಲಸಕ್ಕೂ ಕಾಗದಪತ್ರ ತಯಾರಾಯಿತು. ಬೇ ಲೇಕ್ ದಂಡೆಯಲ್ಲಿ, ಈ ಕ್ಯಾಬಿನ್ನುಗಳಿಗೆ ತುಸು ಆಚೆ, ರಿವರ್ ಕಂಟ್ರಿ ಎಂಬ ನೀರಾಟದ ಉದ್ಯಾನವಿತ್ತು. 1976ರಲ್ಲಿ ಶುರುವಾಗಿ 2001ರಲ್ಲಿ ಮುಚ್ಚಿತು. ಅದರ ದೊಡ್ಡ ಈಜುಕೊಳ ಹದಿನೈದು ವರ್ಷ ಹಾಗೇ ಬಿದ್ದಿತ್ತು. ಆ ಕೊಳದ ನೀರು ತೆಗೆದು ಮಣ್ಣು ತುಂಬಲು ಪರವಾನಗಿ ಪಡೆದದ್ದು ಆ ತಿಂಗಳು. ಅಷ್ಟೂ ಕಾಲ ಕೋಳಿ ಸಾಕಿ, ಬೋನಿಟ್ಟು, ಕಾಲುವೆ ಕಾದ ಅದೇ ಆವರಣದೊಳಗೆ ಆ ಕೊಳ ಹೇಗೆ ಉಳಿಯಿತು? ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ.

*

ಆ ಜಾಗದಲ್ಲೇ ಈಗ ಹೊಸ ಕೆರೆದಂಡೆ ವಸತಿ ಏಳುತ್ತಿದೆ. 2018ರಲ್ಲಿ ಘೋಷಿಸಿ, 2020ರಲ್ಲಿ ನಿಂತು, ಮತ್ತೆ ಕೈಗೆತ್ತಿಕೊಂಡದ್ದು. ಕಾದಿರಿಸಲು ಕಾಯುತ್ತಿರುವವರು ಕೆರೆಯ ಬಗ್ಗೆ ಕೇಳುತ್ತಾರೆ. ನನಗೆ ಕೇಳಬೇಕೆನಿಸುವುದು ಕಟ್ಟಡದ ಕೆಲಸದ ಬಗ್ಗೆ. ಕರ್ನಾಟಕ ಸರ್ಕಾರ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಗೊತ್ತುಮಾಡಿದಾಗ ನಗರದ ಮನೆಗೆ 400 ರೂಪಾಯಿ, ಕಟ್ಟಡ ಕಾಮಗಾರಿ ಜಾಗಕ್ಕೆ 2,000 ಎಂದಿತು. ಫ್ಲಾರಿಡಾದಲ್ಲಿ ಮಧ್ಯಾಹ್ನದ ಮಳೆ ಬೇಸಿಗೆಯಲ್ಲಿ ಹೆಚ್ಚುಕಡಿಮೆ ದಿನವೂ ಬರುತ್ತದೆ. ಟಾರ್ಪಾಲಿನ ಮಡಿಕೆಯಲ್ಲಿ, ಲಿಫ್ಟಿಗೆಂದು ತೆಗೆದ ಗುಂಡಿಯಲ್ಲಿ, ಸಿಮೆಂಟು ಕಲಸಿದ ಬಕೆಟ್ಟಿನಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲುವ ಕೆಲಸ ಅಲ್ಲಿ ಯಾರ ಹೆಸರಿಗಿದೆ?