ಹೊಡೆದವನಿಗೂ ಟಿ.ಸಿ., ತಡೆದವನಿಗೂ ಟಿ.ಸಿ.!

ನಮ್ಮ ಚಿಕ್ಕವನು ಏಳನೇ ತರಗತಿ. ಸರಸ್ವತೀಪುರಂನಿಂದ ಸೈಕಲ್ಲಿನಲ್ಲೇ ಶಾಲೆಗೆ ಹೋಗಿ ಬರುತ್ತಾನೆ. ಎಂಟನೆಯವನೊಬ್ಬನಿಗೆ ದಿನಾ ಇವನ ಸೈಕಲ್ಲಿನ ಗಾಳಿ ಬಿಡುವುದು, ಡಬ್ಬಿಯ ಚಪಾತಿ ಕಸಿದು ಮಣ್ಣಿಗೆ ಹಾಕುವುದು ಇದೇ ಕೆಲಸ. ಮಿಸ್‌ಗೆ ಎರಡು ಸಲ ಹೇಳಿದರೆ, "ಅವನ ತಂಟೆಗೆ ಹೋಗಬೇಡ" ಎಂದರಂತೆ. ತಂಟೆಗೆ ಹೋದವನು ಯಾರು, ನೀವೇ ಹೇಳಿ! ಒಂದು ದಿನ ಅವನು ಕೊರಳಪಟ್ಟಿ ಹಿಡಿದಾಗ ಇವನು ತಳ್ಳಿಬಿಟ್ಟ. ಅವನ ಮೊಣಕಾಲು ತರಚಿತು. ಸಂಜೆಯೇ ಶಾಲೆಯಿಂದ ಫೋನು: "ಹೊಡೆದಾಟಕ್ಕೆ ನಮ್ಮಲ್ಲಿ ಕ್ಷಮೆಯಿಲ್ಲ. ಇಬ್ಬರಿಗೂ ಟಿ.ಸಿ."

ನಮ್ಮವರು, "ಹೋಗಿ ಕೈಮುಗಿದು ಕೇಳ್ಕೊಂಡು ಬಾ" ಅಂದರು. ಪಕ್ಕದ ಮನೆ ವಕೀಲರನ್ನು ವಿಚಾರಿಸಿ, ಚೀಟಿಯಲ್ಲಿ ಬರೆದುಕೊಂಡೇ ಹೋದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 16ನೇ ಕಲಮಿನಂತೆ ಎಂಟನೇ ತರಗತಿ ಮುಗಿಯುವ ತನಕ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ. 17ನೆಯದರಂತೆ ಹೊಡೆತವೂ ಮಾನಸಿಕ ಹಿಂಸೆಯೂ ಕೂಡದು. ಓದಿ ಹೇಳಿದೆ. "ಆ ಹುಡುಗನಿಗೂ ಟಿ.ಸಿ. ಬೇಡ ಮೇಡಂ, ಅವನ ತಾಯಿಯನ್ನು ಕರೆಸಿ" ಎಂದೆ. ಮೇಡಂ ಕನ್ನಡಕ ತೆಗೆದಿಟ್ಟರು.

ಮಾರನೇ ದಿನ ಆಕೆ ಬಂದರು. ತಲೆ ಎತ್ತಲಿಲ್ಲ. "ಅವರಪ್ಪ ಬೆಲ್ಟಿನಲ್ಲೇ ಮಾತಾಡೋದು ಕಣ್ರೀ" ಎಂದರು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಅದೇ ಚೀಟಿಯ ಹಿಂದೆ ಮಕ್ಕಳ ಸಹಾಯವಾಣಿ 1098 ಬರೆದು ಆಕೆಯ ಕೈಗೆ ಕೊಟ್ಟೆ. ಆಕೆ ಮಡಿಸಿ ಪರ್ಸಿನಲ್ಲಿಟ್ಟುಕೊಂಡರು.