ಏಳುನೂರನೆಯ ಮೆಟ್ಟಿಲಿನಲ್ಲಿ

ಮೈಸೂರಿನವರಿಗೆ ವರ್ಷಾರಂಭಗಳು ಎರಡು. ಒಂದು ಚೈತ್ರ ಶುದ್ಧ ಪಾಡ್ಯಮಿಯ ಯುಗಾದಿ. ಎಣ್ಣೆಸ್ನಾನದ್ದು, ಬೇವುಬೆಲ್ಲದ್ದು, ಪಂಚಾಂಗ ಶ್ರವಣದ್ದು. ಇನ್ನೊಂದು ಜನವರಿ ಒಂದನೆಯ ತಾರೀಖು. ಗೋಡೆಯ ಮೇಲಿನ ಕ್ಯಾಲೆಂಡರಿನದು, ಜೇಬಿನೊಳಗಿನ ಡೈರಿಯದು. ಯುಗಾದಿಯು ನೇರವಾಗಿ ಮನೆಯೊಳಕ್ಕೆ ಬಂದು ಬಾಳೆಲೆಯ ಮುಂದೆ ಕುಳಿತುಬಿಡುತ್ತದೆ. ಜನವರಿಗೆ ಮನೆಯಲ್ಲಿ ಅಂಥ ಸಲಿಗೆಯಿಲ್ಲ. ಆದುದರಿಂದಲೋ ಏನೋ, ಅದನ್ನು ಎದುರುಗೊಳ್ಳಲು ಊರಿನ ಎಷ್ಟೋ ಜನ ಮನೆಬಿಟ್ಟು ಚಾಮುಂಡಿ ಬೆಟ್ಟವನ್ನು ಹತ್ತುತ್ತಾರೆ.

ಜನವರಿಗೆ ಹೆಸರು ಕೊಟ್ಟ ರೋಮಿನ ದೇವತೆ ಜೇನಸ್. ಬಾಗಿಲುಗಳ ಅಧಿದೇವತೆಯಾದ ಅವನಿಗೆ ಎರಡು ಮುಖ. ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಕ್ರಿ.ಪೂ. 153ರಿಂದ ರೋಮಿನ ಕಾನ್ಸಲರು ಅಧಿಕಾರ ವಹಿಸಿಕೊಳ್ಳುತ್ತಿದ್ದುದು ಅವನ ತಿಂಗಳ ಮೊದಲ ದಿನದಂದು. ದೇವತೆಗೆ ಎರಡು ಮುಖವಿದ್ದರೆ ತೊಂದರೆಯಿಲ್ಲ. ಮನುಷ್ಯನಿಗೆ ಇರುವುದು ಒಂದೇ. ಬಂದ ದಾರಿಯನ್ನು ನೋಡಬೇಕಾದರೆ ಅವನು ನಿಲ್ಲಬೇಕು, ತಿರುಗಬೇಕು. ಇದಕ್ಕೆ ಬೆಟ್ಟದ ಮೆಟ್ಟಿಲುಗಳಿಗಿಂತ ಒಳ್ಳೆಯ ಸ್ಥಳ ಬೇರೆಯಿಲ್ಲ. ಅಲ್ಲಿ ಉಸಿರು ತಾನಾಗಿಯೇ ನಿಲ್ಲಿಸುತ್ತದೆ, ಊರು ತಾನಾಗಿಯೇ ತಿರುಗಿಸುತ್ತದೆ.

ಡಿಸೆಂಬರ್ 31ರ ನಸುಕು. ಬೆಟ್ಟದ ಪಾದದಲ್ಲಿ ಇನ್ನೂ ಮಂಜು. ಮರುದಿನದ ಜನಸಂದಣಿಯನ್ನು ತಪ್ಪಿಸಿಕೊಳ್ಳಲು ಒಂದು ದಿನ ಮುಂಚೆಯೇ ಬಂದವರಲ್ಲಿ ಒಬ್ಬ ಗೃಹಸ್ಥರೂ ಅವರ ಮಗಳೂ ಇದ್ದರು. ಗೃಹಸ್ಥರು ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವರು. ವಯಸ್ಸು ಐವತ್ತಕ್ಕೆ ಎರಡು ಕಡಿಮೆ. ಮಗಳು ಕಾಲೇಜಿನ ಮೊದಲ ವರ್ಷದಲ್ಲಿ ಓದುವವಳು. ಪ್ರತಿವರ್ಷವೂ ಇದೇ ದಿನ ಮೆಟ್ಟಿಲು ಹತ್ತಿ, ನಂದಿಯ ಬಳಿ ಕುಳಿತು, ಹೋದ ವರ್ಷದ ಡೈರಿಯ ಕೊನೆಯ ಪುಟವನ್ನು ಓದಿ, ಹೊಸ ಡೈರಿಯ ಮೊದಲ ಪುಟವನ್ನು ಬರೆಯುವುದು ಅವರು ನಡೆಸಿಕೊಂಡು ಬಂದ ಪದ್ಧತಿ. ಮಗಳು ಹತ್ತು ವರ್ಷದವಳಾದಂದಿನಿಂದ ಜತೆಗೆ ಬರುತ್ತಿದ್ದಾಳೆ. ಮೊದಲು ಮೊದಲು ಅವಳ ಲಕ್ಷ್ಯವೆಲ್ಲ ಮೇಲಿನ ಅಂಗಡಿಯ ಕಬ್ಬಿನ ಹಾಲಿನ ಮೇಲೆ. ಈಗ ಡೈರಿಯ ಮೇಲೂ ಇದೆ.

ಮೆಟ್ಟಿಲುಗಳು ಸಾವಿರವನ್ನು ಮೀರುತ್ತವೆ. 1659ರಿಂದ 1673ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಇವು ಆದವು. ಅದಕ್ಕೆ ಮುಂಚೆ ಭಕ್ತರು ಮುಳ್ಳುಕಂಟಿಗಳ ನಡುವೆ ಕಾಲುದಾರಿಯನ್ನೇ ನಂಬಬೇಕಾಗಿತ್ತು. ಕಲ್ಲುಗಳು ಒಂದೇ ಅಳತೆಯವಲ್ಲ. ಕೆಲವು ಅಗಲ, ಕೆಲವು ಕಿರಿದು. ಕೆಲವಕ್ಕೆ ಮೊಣಕಾಲು ಎತ್ತಿ ಹತ್ತಬೇಕು, ಕೆಲವಕ್ಕೆ ಪಾದ ಜಾರಿಸಿದರೆ ಸಾಕು. ಆಷಾಢ ಶುಕ್ರವಾರಗಳಲ್ಲಿ ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಸಿನ ಕುಂಕುಮ ಹಚ್ಚುತ್ತ ಮೇಲೇರುತ್ತಾರೆ. ಸಾವಿರ ಸಲ ಬಾಗುವ ಆ ಹರಕೆಯಲ್ಲಿ ಮುಂದಿನ ಮೆಟ್ಟಿಲನ್ನು ಬಿಟ್ಟರೆ ಬೇರೆ ಯಾವುದೂ ಕಣ್ಣಿಗೆ ಬೀಳುವುದಿಲ್ಲ.

ಇನ್ನೂರು ಮೆಟ್ಟಿಲು ಕಳೆಯುವ ಹೊತ್ತಿಗೆ ಗೃಹಸ್ಥರು ಮೊದಲ ಸಲ ನಿಂತರು. ಓಡುತ್ತ ಹತ್ತುವ ಹುಡುಗರಿಬ್ಬರು ಅವರನ್ನು ದಾಟಿ ಹೋದರು. ಬರಿಗಾಲಿನ ವೃದ್ಧೆಯೊಬ್ಬಳು ಯಾರನ್ನೂ ನೋಡದೆ, ಎಲ್ಲಿಯೂ ನಿಲ್ಲದೆ, ಒಂದೇ ಗತಿಯಲ್ಲಿ ಅವರನ್ನೂ ದಾಟಿದಳು, ಮುಂದೆ ಕೈಪಿಡಿಗೋಡೆಗೆ ಒರಗಿದ್ದ ಆ ಹುಡುಗರನ್ನೂ ದಾಟಿದಳು.

ನಾನೂರರ ಸುಮಾರಿಗೆ ಮಂಜು ಕೆಳಗೆ ಉಳಿಯಿತು. ಹಿಂದಿರುಗಿ ನೋಡಿದರೆ ಊರು ತುಂಡುತುಂಡಾಗಿ ಮೇಲೇಳುತ್ತಿತ್ತು: ಮೊದಲು ಲಲಿತಮಹಲಿನ ಬಿಳಿಯ ಗುಮ್ಮಟ, ಅನಂತರ ಕುದುರೆ ಪಂದ್ಯದ ಬಯಲಿನ ಹಸಿರು, ಕಾರಂಜಿ ಕೆರೆಯ ನೀರು, ದೂರದಲ್ಲಿ ಸೇಂಟ್ ಫಿಲೋಮಿನಾ ಚರ್ಚಿನ ಜೋಡಿ ಶಿಖರ, ನಡುವೆ ಅರಮನೆ. ಮರದ ಹಳೆಯ ಅರಮನೆ 1897ರಲ್ಲಿ ಮದುವೆಯ ಸಂಭ್ರಮದ ನಡುವೆ ಸುಟ್ಟುಹೋಯಿತು. ಈಗ ಕಾಣುವುದು 1912ರಲ್ಲಿ ಪೂರ್ತಿಯಾದದ್ದು. ಸುಟ್ಟದ್ದನ್ನು ಕಟ್ಟಲು ದೊರೆಗಳಿಗೂ ಹದಿನೈದು ವರ್ಷ ಹಿಡಿಯಿತು.

“ಅಪ್ಪ, ನಮ್ಮ ಮನೆ ಎಲ್ಲಿ ಬರುತ್ತೆ?” ಎಂದು ಮಗಳು ಕೇಳಿದಳು.

“ಇಲ್ಲಿಂದ ಕಾಣೋದಿಲ್ಲಮ್ಮ. ಎತ್ತರದಿಂದ ಅರಮನೆ ಕಾಣುತ್ತೆ, ಮನೆ ಕಾಣೋದಿಲ್ಲ.”

ಏಳುನೂರನೆಯ ಮೆಟ್ಟಿಲಿನ ಬಳಿ ನಂದಿ. ಸುಮಾರು 15 ಅಡಿ ಎತ್ತರ, 24 ಅಡಿ ಉದ್ದದ ಈ ವಿಗ್ರಹವೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಬೇರೆಲ್ಲಿಯೋ ಕಡೆದು ತಂದು ನಿಲ್ಲಿಸಿದ್ದಲ್ಲ. ಬೆಟ್ಟದ ಒಂದೇ ಬಂಡೆಯಲ್ಲಿ ಬಿಡಿಸಿದ್ದು. ಕೊರಳಿನ ಗಂಟೆಗಳು, ಗೆಜ್ಜೆಯ ಸಾಲುಗಳು, ಮಡಿಸಿದ ಕಾಲು ಎಲ್ಲವೂ ಅದೇ ಕಲ್ಲು. ಅದರ ಮುಂದೆ ನಿಂತವನಿಗೆ ಆ ಬೃಹದಾಕಾರಕ್ಕಿಂತ ಮೊದಲು ಕಾಣುವುದು ಅದರ ನೆಮ್ಮದಿ. ಬೆಟ್ಟದ ತುದಿಗೆ ಇನ್ನೂ ಮುನ್ನೂರು ಮೆಟ್ಟಿಲಿದೆ ಎಂಬ ಆತುರ ಅದಕ್ಕಿಲ್ಲ.

ಗೃಹಸ್ಥರು ಕಟ್ಟೆಯ ಮೇಲೆ ಕುಳಿತು ಬೆವರು ಒರೆಸಿಕೊಂಡು ಡೈರಿಯನ್ನು ತೆಗೆದರು. ಕನ್ನಡಕ ಮನೆಯಲ್ಲಿ ಉಳಿದಿತ್ತು. ಓದುವ ಕೆಲಸ ಮಗಳ ಪಾಲಿಗೆ ಬಂತು.

“ಒಂದು: ಬೆಳಿಗ್ಗೆ ಐದು ಗಂಟೆಗೆ ಏಳುವುದು.”

“ಜನವರಿ ಹತ್ತೊಂಬತ್ತರವರೆಗೆ ಎದ್ದೆ” ಎಂದರು ಗೃಹಸ್ಥರು. ಲೆಕ್ಕದವರಾದುದರಿಂದ ತಾರೀಖು ನೆನಪಿನಲ್ಲಿತ್ತು.

“ಎರಡು: ದಿನಕ್ಕೆ ಎರಡೇ ಲೋಟ ಕಾಫಿ.”

“ಮನೆಯಲ್ಲಿ ಎರಡೇ.”

“ಕಚೇರಿಯಲ್ಲಿ?”

ಉತ್ತರ ಬರಲಿಲ್ಲ. ಮಗಳು ನಕ್ಕು ಮುಂದಕ್ಕೆ ಓದಿದಳು. ಮೂರನೆಯದು ಕುಮಾರವ್ಯಾಸ ಭಾರತದ ಹತ್ತು ಪರ್ವಗಳನ್ನೂ ಓದಿ ಮುಗಿಸುವುದು. ಸಭಾಪರ್ವದಲ್ಲಿ ಜೂಜು ಆರಂಭವಾಗುವ ಹೊತ್ತಿಗೆ ಕಚೇರಿಯಲ್ಲಿ ವಾರ್ಷಿಕ ಲೆಕ್ಕ ತಪಾಸಣೆ ಆರಂಭವಾಗಿ, ಧರ್ಮರಾಯನು ಅಂದಿನಿಂದಲೂ ಪಗಡೆಯ ಹಾಸಿನ ಮುಂದೆಯೇ ಕುಳಿತಿದ್ದಾನೆ. ನಾಲ್ಕನೆಯದು ಮಗಳ ಕಾಲೇಜಿಗಾಗಿ ತಿಂಗಳು ತಿಂಗಳೂ ಹಣ ಕಟ್ಟುವುದು. ಅದೊಂದು ತಪ್ಪದೆ ನಡೆದಿತ್ತು. ಗೃಹಸ್ಥರು ಬೆರಳಿನಿಂದ ಗಾಳಿಯಲ್ಲೇ ಒಂದು ಸರಿ ಗುರುತು ಹಾಕಿದರು.

“ಐದು” ಎಂದು ಮಗಳು ತಡೆದಳು. “ಅಕ್ಕನ ಬಳಿಗೆ ಹೋಗಿ ಬರುವುದು.”

ನಂದಿಯ ಸುತ್ತ ಪ್ರದಕ್ಷಿಣೆ ಬರುತ್ತಿದ್ದ ಮಕ್ಕಳ ಗದ್ದಲ ಒಂದು ಕ್ಷಣ ದೊಡ್ಡದಾಗಿ ಕೇಳಿಸಿತು.

“ಅಪ್ಪ, ಇದು ಅದರ ಹಿಂದಿನ ವರ್ಷವೂ ಇತ್ತು ಅಲ್ಲವೇ?”

“ಹಿಂದಿನ ಬಾಕಿ ಮುಂದಕ್ಕೆ ಬಂದಿದೆ” ಎಂದು ಗೃಹಸ್ಥರು ನಗಲು ಯತ್ನಿಸಿದರು.

ಬಾಕಿಯ ಕಥೆ ದೊಡ್ಡದಲ್ಲ. ಸಾಗರದ ಕಡೆಯ ಹಳ್ಳಿಯಲ್ಲಿ ತಂದೆಯ ಕಾಲದ ಮನೆಯೊಂದಿತ್ತು. ತಾಯಿ ತೀರಿಕೊಂಡ ಮೇಲೆ ಅದನ್ನು ಮಾರುವ ಮಾತು ಬಂತು. ಸಾಗರದಲ್ಲಿದ್ದ ಅಕ್ಕನಿಗೆ ಮನಸ್ಸಿರಲಿಲ್ಲ. ಹಣದ ಪಾಲಿಗಾಗಿಯಲ್ಲ, ಹಿತ್ತಿಲಿನ ಬಾವಿಯೂ ತುಳಸಿಕಟ್ಟೆಯೂ ಬೇರೆಯವರದಾಗುವುದು ಅವರಿಗೆ ಬೇಡವಾಗಿತ್ತು. “ಸೋರುವ ಮನೆಯನ್ನು ಇಟ್ಟುಕೊಂಡು ಏನು ಮಾಡೋದು? ನಿನಗೆ ಲೆಕ್ಕ ಗೊತ್ತಾಗೋದಿಲ್ಲ” ಎಂದು ತಮ್ಮ ಅಂದುಬಿಟ್ಟರು. ಮಾತು ಸರಿಯಾದದ್ದೇ, ಮನೆ ಸೋರುತ್ತಿತ್ತು. ಆದರೆ ತಂದೆ ಹೋದ ಮೇಲೆ ತನ್ನ ಓದನ್ನು ನಿಲ್ಲಿಸಿ, ಹಪ್ಪಳ ಸಂಡಿಗೆ ಮಾಡಿ ಮಾರಿ, ಕಾಸಿಗೆ ಕಾಸು ಕೂಡಿಸಿ ತಮ್ಮನನ್ನು ಓದಿಸಿದವಳಿಗೆ ಹೇಳುವ ಮಾತು ಅದಾಗಿರಲಿಲ್ಲ. ಅಕ್ಕ ಎದುರಾಡಲಿಲ್ಲ, ಕಾಗದಕ್ಕೆ ಸಹಿ ಹಾಕಿ ಬಸ್ಸು ಹತ್ತಿದರು. ಅದಾಗಿ ಎರಡು ವರ್ಷ ತುಂಬಿತ್ತು. ಜಗಳವೇ ಆಗಿದ್ದರೆ ರಾಜಿಯಾದರೂ ಆಗುತ್ತಿತ್ತು. ಆಗದ ಜಗಳಕ್ಕೆ ರಾಜಿ ಹೇಗೆ ಎಂಬುದು ತಿಳಿಯದೆ ಅವರು ಅದನ್ನು ಡೈರಿಗೆ ಬರೆದರು. ಬರೆದ ಮೇಲೆ ಅರ್ಧ ಮಾಡಿ ಮುಗಿಸಿದಂತಹ ಸಮಾಧಾನವೂ ಆಗುತ್ತಿತ್ತು. ಡೈರಿಗಳಿಂದ ಆಗುವ ಅಪಾಯ ಇದೇ.

ನಂದಿಯ ಹಿಂದುಗಡೆ ಬಂಡೆಯ ಮರೆಯಲ್ಲಿ ಶಿವನ ಒಂದು ಪುಟ್ಟ ಗುಡಿಯಿದೆ. ಅಲ್ಲಿ ಹೊಸದಾಗಿ ಮದುವೆಯಾದ ದಂಪತಿಗಳು ಪೂಜೆ ಮಾಡಿಸುತ್ತಿದ್ದರು. ಅರ್ಚಕರು ಸಂಕಲ್ಪ ಹೇಳಿಸುತ್ತಿದ್ದರು. ಬ್ರಹ್ಮನ ಆಯುಸ್ಸಿನಿಂದ ಹಿಡಿದು ಕಲ್ಪ, ಮನ್ವಂತರ, ಯುಗ; ಜಂಬೂದ್ವೀಪದಿಂದ ಹಿಡಿದು ಭರತವರ್ಷ, ಗೋದಾವರಿಯ ದಕ್ಷಿಣ ತೀರ; ಸಂವತ್ಸರದ ಹೆಸರು, ದಕ್ಷಿಣಾಯನ, ಹೇಮಂತ ಋತು, ಮಾಸ, ಪಕ್ಷ, ತಿಥಿ, ವಾರ. ಗೋತ್ರ ನಕ್ಷತ್ರಗಳನ್ನು ಕೇಳಿದಾಗ ವರ ತಡವರಿಸಿದ. ವಧು ಪಿಸುಮಾತಿನಲ್ಲಿ ಹೇಳಿಕೊಟ್ಟಳು. ಉದ್ಧರಣೆಯ ನೀರು ಅಕ್ಷತೆಯೊಡನೆ ತಟ್ಟೆಗೆ ಬಿತ್ತು. ಬಿದ್ದ ಮರುಕ್ಷಣವೇ ಗಂಟೆ ಬಾರಿಸಿತು, ಪೂಜೆ ಆರಂಭವಾಯಿತು.

ಮಗಳು ಗಮನವಿಟ್ಟು ನೋಡುತ್ತಿದ್ದಳು. “ಇಷ್ಟು ದೊಡ್ಡ ವಿಳಾಸ ಯಾಕಪ್ಪ ಹೇಳೋದು? ದೇವರಿಗೆ ಗೊತ್ತಿರೋದಿಲ್ಲವೇ?”

“ದೇವರಿಗಲ್ಲಮ್ಮ, ನಮಗೇ. ಯಾವ ಕಾಲದಲ್ಲಿ, ಯಾವ ಜಾಗದಲ್ಲಿ, ಯಾರು ನಿಂತಿದ್ದೀವಿ ಅನ್ನೋದು ಮೊದಲು ಖಚಿತವಾಗಬೇಕು. ಆಮೇಲೆ ಏನು ಮಾಡ್ತೀನಿ ಅಂತ ಹೇಳಬೇಕು. ಅದೇ ಸಂಕಲ್ಪ.”

“ಹೇಳಿ, ನೀರು ಬಿಟ್ಟು, ತಕ್ಷಣ ಮಾಡಿಬಿಡಬೇಕು.”

“ಹೌದು. ಮುಂದಿನ ವರ್ಷ ಮಾಡೋ ಪೂಜೆಗೆ ಯಾರೂ ಇವತ್ತೇ ಸಂಕಲ್ಪ ಮಾಡೋದಿಲ್ಲ.”

ಹೇಳಿದವರಿಗೇ ಆ ಮಾತು ಕೇಳಿಸಿತು. ಮಗಳು ಏನನ್ನೂ ಸೇರಿಸಲಿಲ್ಲ. ಡೈರಿಯನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ನಂದಿಯ ಕಡೆಗೆ ನೋಡುತ್ತ ಕುಳಿತಳು. ಸ್ವಲ್ಪ ಹೊತ್ತಿನ ಮೇಲೆ ಗೃಹಸ್ಥರು ಜೇಬಿನಿಂದ ಫೋನು ತೆಗೆದರು. ಕನ್ನಡಕವಿಲ್ಲದೆ ಅಕ್ಷರ ಕಾಣದು. ಆದರೆ ಆ ಸಂಖ್ಯೆಗೆ ಕನ್ನಡಕ ಬೇಕಾಗಿರಲಿಲ್ಲ.

ನಾಲ್ಕು ಸಲ ಗಂಟೆಯಾದ ಮೇಲೆ ಅತ್ತ ಕಡೆಯಿಂದ ಧ್ವನಿ ಬಂತು.

“ಅಕ್ಕ, ನಾನು.”

ಒಂದು ಗಳಿಗೆ ಮೌನ. ಅನಂತರ ಗಾಬರಿಯ ಸ್ವರ: “ಏನಾಯ್ತೋ? ಇಷ್ಟು ಹೊತ್ತಿಗೇ ಮಾಡಿದ್ದೀಯಲ್ಲ! ಎಲ್ಲರೂ ಚೆನ್ನಾಗಿದ್ದೀರಾ? ಮಗು ಹೇಗಿದ್ದಾಳೆ?”

“ಎಲ್ಲ ಚೆನ್ನಾಗಿದ್ದೀವಿ ಅಕ್ಕ. ಬೆಟ್ಟಕ್ಕೆ ಬಂದಿದ್ದೀವಿ. ನಂದಿ ಹತ್ತಿರ ಕೂತಿದ್ದೀವಿ.”

“ಈ ಚಳಿಯಲ್ಲೇ? ಕಿವಿಗೆ ಏನಾದರೂ ಕಟ್ಟಿಕೊಂಡಿದ್ದೀಯೋ ಇಲ್ಲವೋ?”

ಎರಡು ವರ್ಷ ಮನಸ್ಸಿನಲ್ಲಿ ತಿದ್ದಿ ತಿದ್ದಿ ಸಿದ್ಧಪಡಿಸಿದ್ದ ವಾಕ್ಯಗಳು ಈ ಪ್ರಶ್ನೆಗೆ ಉತ್ತರವಾಗುವಂತಿರಲಿಲ್ಲ. “ಕಟ್ಟಿಕೊಂಡಿಲ್ಲ” ಎಂದರು. ಅನಂತರ, “ಆವತ್ತು ನಾನು ಹಾಗೆ ಅನ್ನಬಾರದಾಗಿತ್ತು ಅಕ್ಕ” ಎಂದರು.

ಅತ್ತ ಕಡೆ ಮತ್ತೆ ಮೌನ. ಎಲ್ಲವನ್ನೂ ಒಂದೇ ಮಾತಿಗೆ ಮರೆತುಬಿಡುವಷ್ಟು ಅಕ್ಕ ಸರಳರಲ್ಲ. “ಬೇಜಾರಾಗಿತ್ತು ಕಣೋ” ಎಂದರು ಕೊನೆಗೆ. “ಆಗಿರಲಿಲ್ಲ ಅಂತ ಸುಳ್ಳು ಯಾಕೆ ಹೇಳಲಿ? ಮನೆ ಹೋದದ್ದಕ್ಕಿಂತ ನೀನು ಬರಲಿಲ್ಲ ಅನ್ನೋದು ಹೆಚ್ಚಾಯಿತು. ಯಾವಾಗ ಬರ್ತೀಯಾ?”

“ಇವತ್ತು ರಾತ್ರಿಯ ರೈಲಿಗೆ ಹೊರಡ್ತೀವಿ.”

ಮಗಳು ಥಟ್ಟನೆ ತಿರುಗಿ ನೋಡಿದಳು.

ಉಳಿದ ಮುನ್ನೂರು ಮೆಟ್ಟಿಲುಗಳನ್ನು ಇಬ್ಬರೂ ಹೆಚ್ಚು ಮಾತಿಲ್ಲದೆ ಹತ್ತಿದರು. ತುದಿಯಲ್ಲಿ, ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಸರ್ಪ ಹಿಡಿದ ಮಹಿಷಾಸುರ ಎಂದಿನಂತೆ ಯಾತ್ರಿಕರನ್ನು ದುರುಗುಟ್ಟಿ ನೋಡುತ್ತಿದ್ದ; ಯಾತ್ರಿಕರು ಎಂದಿನಂತೆ ಅವನ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಏಳು ಅಂತಸ್ತಿನ ಗೋಪುರದ ಮೇಲೆ ಬಿಸಿಲು ಪೂರ್ತಿಯಾಗಿ ಬಿದ್ದಿತ್ತು. ದೇವಿಯ ದರ್ಶನಕ್ಕೆ ಸಾಲು ಉದ್ದವಾಗಿತ್ತು. ಅದರ ಪಕ್ಕದಲ್ಲಿ, ಬೆಟ್ಟದ ಗುಡಿಗಳಲ್ಲೆಲ್ಲ ಹಳೆಯದೆಂದು ಹೇಳುವ ಮಹಾಬಲೇಶ್ವರನ ಸನ್ನಿಧಿಯಲ್ಲಿ ನಾಲ್ಕೇ ಜನ. ಅಲ್ಲಿಯೂ ಇಲ್ಲಿಯೂ ಕೈಮುಗಿದು, ಸಮುದ್ರಮಟ್ಟಕ್ಕೆ ಸುಮಾರು 3,500 ಅಡಿ ಎತ್ತರದ ಆ ನೆತ್ತಿಯಲ್ಲಿ ಗಾಳಿಗೆ ಮುಖಕೊಟ್ಟು ಇಬ್ಬರೂ ನಿಂತರು. ಬೆಟ್ಟದ ಅಂಚಿನಿಂದ ನೋಡಿದರೆ ಹತ್ತಿ ಬಂದ ಮೆಟ್ಟಿಲುಗಳು ಮರಗಳ ಮರೆಯಲ್ಲಿ ಕಾಣುವುದೇ ಇಲ್ಲ. ಕಳೆದ ವರ್ಷವೂ ಹೀಗೆಯೇ. ತುದಿಯಿಂದ ನೋಡಿದರೆ ಒಟ್ಟಿನ ನೋಟ ಸಿಗುತ್ತದೆ, ಹೆಜ್ಜೆಗಳು ಸಿಗುವುದಿಲ್ಲ. ಹೆಜ್ಜೆಗಳನ್ನು ನೋಡಬೇಕಾದರೆ ನಡುವೆ ಎಲ್ಲಿಯಾದರೂ ಕುಳಿತು ನೋಡಬೇಕು.

ಕಬ್ಬಿನ ಹಾಲಿನ ಅಂಗಡಿಯ ಬೆಂಚಿನ ಮೇಲೆ ಹೊಸ ಡೈರಿ ತೆರೆಯಿತು. ಗೃಹಸ್ಥರು ಹೇಳಿದರು, ಮಗಳು ಬರೆದಳು. ಐದು ಗಂಟೆಗೆ ಏಳುವುದು. ಇದನ್ನು ಮಗಳ ಸಲಹೆಯಂತೆ ಐದೂವರೆ ಎಂದು ತಿದ್ದಲಾಯಿತು. ಕಾಫಿ, ಕಚೇರಿಯದೂ ಸೇರಿದಂತೆ, ಮೂರು ಲೋಟ. ಧರ್ಮರಾಯನನ್ನು ಪಗಡೆಯ ಹಾಸಿನಿಂದ ಎಬ್ಬಿಸಿ ಕಾಡಿಗಾದರೂ ಕಳಿಸುವುದು. ಕಾಲೇಜಿನ ಹಣ ಮುಂಚಿನಂತೆಯೇ.

“ನಾಲ್ಕೇ ಆಯಿತಲ್ಲಪ್ಪ” ಎಂದು ಮಗಳು ಲೇಖನಿಯನ್ನು ಎತ್ತಿ ಹಿಡಿದಳು. “ಐದನೆಯದು?”

“ಐದನೆಯದನ್ನು ಬರೆಯುತ್ತ ಕೂತರೆ ಟಿಕೆಟ್ ಸಿಗೋದಿಲ್ಲ. ಬೇಗ ಬೇಗ ಇಳಿ” ಎಂದು ಗೃಹಸ್ಥರು ಎದ್ದರು.